ಇಪ್ಪತ್ನಾಲ್ಕು ಗಿಟಾರು, ಒಬ್ಬ ತಮ್ಮ

ನನ್ನ ತಮ್ಮನಿಗೆ ಕೂತಲ್ಲಿ ಕೂರೋ ಜಾಯಮಾನವೇ ಇಲ್ಲ. ಊಟಕ್ಕೆ ಕರೆದರೆ ಅರ್ಧ ತಿಂದು ಎದ್ದು ಶೆಡ್ಡಿಗೆ ಓಡುತ್ತಾನೆ. ಯಾಕೋ ಅಂದರೆ ಇನ್ನೊಂಚೂರು ಇದೆ ಅನ್ನುತ್ತಾನೆ. ಬೀದಿಯವರೆಲ್ಲ ಅವನನ್ನು 'ಇನ್ನೊಂಚೂರು' ಅಂತಲೇ ಕರೆಯೋದು. ಅಕ್ಕನಾಗಿ ನಾನು ಕರೆಯೋ ಹೆಸರುಗಳನ್ನು ಇಲ್ಲಿ ಹೇಳೋ ಹಾಗಿಲ್ಲ.

ಅವನು ಬೇಸ್ ಗಿಟಾರು ಮಾಡುತ್ತಾನೆ, ಕರೆಂಟಿನದು, ನಾಲ್ಕು ದಪ್ಪ ತಂತಿ. ಮರಗೆಲಸ, ವೈರಿಂಗು ಅವನದು, ಪಾಲಿಶ್ ನನ್ನದು. ನಮ್ಮ ಮನೆಯವರ ಕೈಗಳೇ ಚಿಕ್ಕವು. ಅಂಗಡಿಯ ಬೇಸ್ ಹಿಡಿದರೆ ಬೆರಳು ಎಟುಕದೆ ಒದ್ದಾಡುತ್ತಿದ್ದ. ಅದಕ್ಕೇ ಗಿಡ್ಡ ಕತ್ತಿನದೊಂದು ಮಾಡಿ, ಫೋಟೋ ಇಂಟರ್‌ನೆಟ್ಟಿಗೆ ಹಾಕಿದ. ಇಪ್ಪತ್ನಾಲ್ಕೇ ಮಾಡೋದು, ಬೇಕಾದವರು ಮುಂಗಡ ಕೊಡಿ, ಆರು ತಿಂಗಳಲ್ಲಿ ಕೈ ಸೇರುತ್ತೆ ಅಂತ. ಇಪ್ಪತ್ನಾಲ್ಕು ಜನ, ಇವನ ಮುಖ ಕೂಡ ನೋಡದವರು, ನಂಬಿ ಕೊಟ್ಟರು.

ಶುರುವಾಯಿತು ನೋಡಿ ನನ್ನ ಗ್ರಹಚಾರ. ನಾಲ್ಕನೇದರ ಕತ್ತು ಕೊಂಚ ತೆಳ್ಳಗೆ ಮಾಡಿದ, ಚೆನ್ನಾಗಿ ಬಂತು. ಆಗ ಮೊದಲಿನ ಮೂರು ಅವನ ಕಣ್ಣಿಗೆ ಕೆಟ್ಟದಾಗಿ ಕಂಡವು, ಬಿಚ್ಚಿ ಮತ್ತೆ ಉಜ್ಜಿದ. ಹನ್ನೊಂದನೇದರಲ್ಲಿ ಕೈ ಊರುವ ಅಂಚು ನುಣ್ಣಗೆ ಬಂತು, ಗೋಡೆಗೆ ತೂಗುಹಾಕಿದ್ದ ಹಿಂದಿನ ಹತ್ತನ್ನೂ ಕೆಳಗಿಳಿಸಿದ. ಏಳೇಳು ಕೋಟು ಹೊಡೆದು ಒಣಗಿಸಿದ ನನ್ನ ಪಾಲಿಶ್ಶನ್ನು ನನ್ನ ಕಣ್ಣೆದುರೇ ಕೆರೆದು ಹಾಕುತ್ತಿದ್ದರೆ ಮೈ ಉರಿಯದೆ ಇರುತ್ತಾ?

ಹದಿನಾಲ್ಕು ತಿಂಗಳಾಯಿತು. ದಿನಾ ಮೆಸೇಜು. ಒಬ್ಬರು ಎಲ್ಲರಿಗೂ ಕಾಣೋ ಹಾಗೆ 'ಮೋಸಗಾರ' ಅಂತ ಬರೆದರು, ಇನ್ನು ನಾಲ್ಕು ಜನ ಹೌದು ಹೌದು ಅಂದರು. ಈ ಹೆಸರು ಅಂಟಿಕೊಂಡರೆ ಮುಂದೆ ಇವನನ್ನು ನಂಬಿ ಯಾರೂ ಒಂದು ಗಿಟಾರನ್ನೂ ಮಾಡಿಸೋದಿಲ್ಲ. ನನಗೆ ಇದರ ಚಿಂತೆ. ಇಪ್ಪತ್ನಾಲ್ಕೂ ಮುಗಿದಿದ್ದರೂ ಅವನಿಗೆ ಹತ್ತೊಂಬತ್ತನೇದರ ಅಂಚಿನ ಚಿಂತೆ.

ಅವನು ಹಲ್ಲು ಕೀಳಿಸೋಕೆ ಹೋದ ದಿನ ಕೊರಿಯರ್‌ನವನನ್ನು ಕರೆಸಿದೆ. ಗೋಡೆಯಲ್ಲಿ ನೇತುಹಾಕಿದ್ದ ಇಪ್ಪತ್ನಾಲ್ಕನ್ನೂ ಒರೆಸಿ, ಪೆಟ್ಟಿಗೆಗೆ ಹಾಕಿ, ವಿಳಾಸ ಅಂಟಿಸಿ ಕಳಿಸಿಬಿಟ್ಟೆ.

ಕೆನ್ನೆ ಊದಿಸಿಕೊಂಡು ಬಂದವನು ಖಾಲಿ ಗೋಡೆ ನೋಡಿದ. ಕೂಗಾಡುತ್ತಾನೆ ಅಂದುಕೊಂಡಿದ್ದೆ. ಸ್ಟೂಲಿನ ಮೇಲೆ ಕುಸಿದು, ಬಾಯಲ್ಲಿದ್ದ ಹತ್ತಿ ತೆಗೆದು ಹೇಳಿದ: "ಒಂಬತ್ತನೇದರ ವೈರು ಬಿಚ್ಚಿಟ್ಟಿದ್ದೆ, ಅಕ್ಕಾ. ಅದು ಸದ್ದೇ ಮಾಡಲ್ಲ."

ಪಾಲಿಶ್‌ನವಳು ನಾನು, ಹೊಳಪು ನೋಡಿದ್ದೆ, ಅಷ್ಟೇ. ಪಟ್ಟಿ ತೆಗೆದು ನೋಡಿದರೆ ಒಂಬತ್ತನೇದು ಬಸ್ಸಲ್ಲಿ ನಾಲ್ಕು ಗಂಟೆ ದೂರದ ಒಬ್ಬ ಹೊಲಿಗೆಯ ಹೆಂಗಸಿನದು. ವಾಪಸ್ ಕಳಿಸೋಕೆ ಹೇಳು ಅಂದ. ಸುತರಾಂ ಆಗಲ್ಲ ಅಂದೆ. ಈ ಶೆಡ್ಡಿಗೆ ಮರಳಿ ಬಂದರೆ ಅದು ಇನ್ನು ಹೊರಗೆ ಹೋದ ಹಾಗೇ. ನೀನೇ ಹೋಗಿ ಅಲ್ಲೇ ಬೆಸುಗೆ ಹಾಕಿ ಬಾ ಅಂದೆ. ಆಕೆಗೆ ತಪ್ಪಾಯಿತು ಅಂತ ಬರೆದೆ. ಪೆಟ್ಟಿಗೆ ತಲುಪಿದ ಮಾರನೇ ದಿನ ಬೆಳಿಗ್ಗೆ ಅವನನ್ನು ಬಸ್ಸು ಹತ್ತಿಸಿದೆ. ಹೊರಡುವ ಮೊದಲು ಚೀಲ ತಡಕಿ ಸ್ಯಾಂಡ್ ಪೇಪರ್ ಕಿತ್ತುಕೊಂಡೆ. ಅವತ್ತು ನಾನು ಬಾಗಿಲಿಗೂ ಅಡುಗೆಮನೆಗೂ ಎಷ್ಟು ಸಲ ಅಲೆದೆನೋ, ಲೆಕ್ಕವಿಲ್ಲ.

ಸಂಜೆ ಬಂದ, ಬರಿಗೈಯಲ್ಲಿ. ಐದು ನಿಮಿಷದ ಕೆಲಸವಂತೆ. ಸದ್ದು ಬಂದ ಮೇಲೂ ತೊಡೆಯಿಂದ ಇಳಿಸದೆ ಕೂತನಂತೆ. ಕತ್ತಿನ ಬುಡದಲ್ಲಿ ಸಣ್ಣ ಉಬ್ಬು ಬೆರಳಿಗೆ ತಾಗಿತಂತೆ. ಎರಡೇ ದಿನ ಕೊಡಿ, ತಗೊಂಡು ಹೋಗಿ ಸರಿ ಮಾಡಿ ತರ್ತೀನಿ ಅಂದನಂತೆ. ಅದಕ್ಕೆ ಅವರೇನು ಮಾಡಿದರು ಅಂದೆ.

"ಎದ್ದು ಬಂದ್ರು, ಅಕ್ಕಾ. ಹೆತ್ತವರು ಮಗು ಕೊಡಿ ಅನ್ನೋ ಹಾಗೆ ಎರಡೂ ಕೈ ಚಾಚಿ ನಿಂತ್ಕೊಂಡ್ರು."

"ಆಮೇಲೆ?"

"ಕೊಟ್ಟುಬಿಟ್ಟೆ."

ಅಷ್ಟು ಹೇಳಿ ಮುಖ ಮುಚ್ಚಿಕೊಂಡು ಅತ್ತ. ನಾನು ಅಷ್ಟೆಲ್ಲ ಬೈದಾಗಲೂ ಅವನು ಒಂದು ದಿನವೂ ಅತ್ತಿರಲಿಲ್ಲ.