ಮಡಿಯ ದಿನದ ನೀರಿನ ಗುಳಿಗೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅವತ್ತು ಚಿಕ್ಕಿ ಉಟ್ಟಿದ್ದು ಹಸಿರು ಸೀರೆಯೋ ನೀಲಿಯೋ, ನಾನು ಹೋದಾಗ ಚಿಕ್ಕಪ್ಪ ಗೇಟಿನ ಹತ್ತಿರ ನಿಂತಿದ್ದರೋ ಒಳಗಿದ್ದರೋ, ಈಗ ಕೇಳಿದರೆ ಎರಡನ್ನೂ ಒಂದೇ ನಂಬಿಕೆಯಿಂದ ಹೇಳಿಬಿಟ್ಟೇನು. ದಿನಚರಿ ಬರೆಯುವ ಅಭ್ಯಾಸ ಇದ್ದರೂ ಅವತ್ತಿನ ಪುಟ ಬರೆದದ್ದು ಎರಡು ದಿನ ಬಿಟ್ಟು. ಧಾರವಾಡದಲ್ಲಿ ಇತಿಹಾಸ ಓದಿದವಳು ನಾನು. ಎರಡು ದಿನ ತಡವಾಗಿ ಬರೆದ ಸಾಕ್ಷಿಯನ್ನು, ಅದು ನನ್ನದೇ ಆದರೂ, ಪೂರ್ತಿ ನಂಬುವುದಿಲ್ಲ. ಆದರೆ ಚಿಕ್ಕಿಯ ಅಂಗೈಯಲ್ಲಿ ಐದು ಗುಳಿಗೆ ಇದ್ದವು. ಅದರಲ್ಲಿ ಅನುಮಾನವಿಲ್ಲ. ಅವನ್ನು ಎಣಿಸಿ ಡಬ್ಬಿಗೆ ಹಾಕಿದವಳು ನಾನೇ.

ಚಿಕ್ಕಿ ಎಂದರೆ ನನ್ನ ಆಯಿಯ, ಅಂದರೆ ಅಮ್ಮನ, ತಂಗಿ. ಶಿರಸಿ ಹತ್ತಿರದ ಇಸಳೂರಿನಲ್ಲಿ ನಮ್ಮ ಮನೆಯಿಂದ ಮೂರನೆಯದು ಅವಳ ಮನೆ. ನೆಂಟರಿಷ್ಟರಲ್ಲಿ ಯಾರ ಮನೆಯಲ್ಲಿ ತಿಥಿಯಿದ್ದರೂ ಮಡಿ ಅಡುಗೆಗೆ ಮೊದಲ ಫೋನು ಬರುವುದು ಅವಳಿಗೆ. ಚಿಕ್ಕಪ್ಪನ ಸ್ಕೂಟರಿನ ಹಿಂದೆ ಕೂತು ಮತ್ತಿಘಟ್ಟಕ್ಕೂ ಹೋಗುತ್ತಾಳೆ, ಸಿದ್ದಾಪುರದ ಕಡೆಗೂ ಹೋಗುತ್ತಾಳೆ. ಅವಳು ಕರಿದ ವಡೆ ಮಧ್ಯಾಹ್ನ ಮೂರಾದರೂ ಮೆತ್ತಗಿರುತ್ತದೆ. ಅದನ್ನು ಬೇರೆಯವರು ಹೇಳಬೇಕಿಲ್ಲ, ಅವಳೇ ಹೇಳುತ್ತಾಳೆ.

ಎರಡು ವರ್ಷದ ಹಿಂದೆ ಅವಳ ಪಾದ ಬಾತುಕೊಂಡು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರಲು ಶುರುವಾಯಿತು. ಹೃದಯಕ್ಕೆ ರಕ್ತ ತಳ್ಳುವ ಬಲ ಕಡಿಮೆಯಾಗಿದೆ, ಅದಕ್ಕೇ ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದು ಶಿರಸಿಯ ಡಾಕ್ಟರು ಹೇಳಿದರು. ಬರೆದುಕೊಟ್ಟ ಮದ್ದುಗಳಲ್ಲಿ ಒಂದು, ಹೆಚ್ಚಿನ ನೀರು ಉಪ್ಪುಗಳನ್ನು ಮೂತ್ರದಲ್ಲಿ ಹೊರಗೆ ಹಾಕಿಸುವ ಗುಳಿಗೆ. ದಿನಾ ಬೆಳಿಗ್ಗೆ ಒಂದು. ಮನೆಯಲ್ಲಿ ಅದರ ಉದ್ದ ಹೆಸರನ್ನು ಯಾರೂ ಹೇಳಲಿಲ್ಲ, ನೀರಿನ ಗುಳಿಗೆ ಎಂದೇ ಆಯಿತು. ವಾರದಲ್ಲಿ ಚಿಕ್ಕಿಯ ಕಾಲುಂಗುರ ಮತ್ತೆ ಸಡಿಲವಾಯಿತು. ಗುಳಿಗೆ ಒಳ್ಳೆಯದೇ. ಆದರೆ ನುಂಗಿದ ಒಂದು ತಾಸಿನೊಳಗೆ ಶುರುವಾದರೆ ಮಧ್ಯಾಹ್ನದ ತನಕ ಬಚ್ಚಲಿಗೆ ಓಡಾಟ ನಿಲ್ಲುವುದಿಲ್ಲ.

ಮಡಿ ಅಡುಗೆಯ ದಿನ ಅದು ಆಗುವ ಮಾತಲ್ಲ. ಬೆಳಿಗ್ಗೆ ಮಿಂದು ಮಡಿ ಸೀರೆ ಉಟ್ಟು ಒಲೆಯ ಮುಂದೆ ನಿಂತವಳು ಒಮ್ಮೆ ಹೊರಗೆ ಹೋಗಿ ಬಂದರೆ ಮತ್ತೆ ಮೀಯಬೇಕು, ಮತ್ತೊಂದು ಮಡಿ ಉಡಬೇಕು. ತಾಸಿಗೆ ಎರಡು ಸಲ ಮಿಂದರೆ ವಡೆ ಕರಿಯುವುದು ಯಾವಾಗ? ಚಿಕ್ಕಿ ತನ್ನದೇ ದಾರಿ ಕಂಡುಕೊಂಡಿದ್ದಳು. ತಿಥಿಯ ದಿನ ಗುಳಿಗೆ ಬಿಡುವುದು, ಮಾರನೆಯ ದಿನ ಎರಡು ನುಂಗುವುದು. ಚಿಕ್ಕಪ್ಪ ಪ್ರತಿ ಭಾನುವಾರ ಗುಳಿಗೆಯ ಹಾಳೆ ತೆಗೆದು ಎಷ್ಟು ಖಾಲಿಯಾಗಿದೆ ಎಂದು ನೋಡುತ್ತಿದ್ದರು. ಏಳು ದಿನಕ್ಕೆ ಏಳೇ ಹೋಗಿರುತ್ತಿತ್ತು. ಮಾರನೆಯ ದಿನಗಳಲ್ಲಿ ಅವಳಿಗೆ ಎದ್ದರೆ ತಲೆ ತಿರುಗುತ್ತಿದ್ದುದನ್ನು, ಮೀನಖಂಡ ಹಿಡಿದುಕೊಳ್ಳುತ್ತಿದ್ದುದನ್ನು ನಾವೆಲ್ಲ ಹಿಂದಿನ ದಿನದ ದಣಿವು ಎಂದುಕೊಂಡೆವು. ನಾನೂ ಹಾಗೇ ಬರೆದಿದ್ದೇನೆ: ‘ಚಿಕ್ಕಿಗೆ ದಣಿವು.’ ಎರಡು ಕಡೆ ಇದೆ.

ಕಳೆದ ಪಿತೃಪಕ್ಷದಲ್ಲಿ ಅವಳಿಗೆ ನಾಲ್ಕು ದಿನ ಸಾಲಾಗಿ ಮಡಿ ಬಂತು. ಮತ್ತಿಘಟ್ಟದಲ್ಲಿ ಎರಡು, ಶಿರಸಿಯಲ್ಲಿ ಒಂದು, ಸಿದ್ದಾಪುರದ ಕಡೆ ಒಂದು. ನಡುವೆ ಎರಡು ನುಂಗಲು ಒಂದು ಬಿಡುವಿನ ದಿನವೂ ಇರಲಿಲ್ಲ. ಐದನೆಯ ದಿನ ಬೆಳಿಗ್ಗೆ ಚಿಕ್ಕಪ್ಪ ಫೋನ್ ಮಾಡಿದರು. ನನ್ನನ್ನು ಅವರು ಕರೆಯುವುದು ತಂಗೀ ಎಂದೇ.

“ತಂಗೀ, ಒಂಚೂರು ಬಂದು ಹೋಗು. ನಿನ್ನ ಚಿಕ್ಕಿ ನಿನ್ನೆ ಮಲಗಿದ್ದೇ ಇಲ್ಲೆ. ಅಡ್ಡಾದ್ರೆ ಉಸಿರು ಕಟ್ತು ಹೇಳಿ ಕುರ್ಚಿ ಮೇಲೇ ಕೂತ್ಕಂಡಿತ್ತು.”

ಹೋದಾಗ ಚಿಕ್ಕಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಪಾದ ಬಾತು ಹೊಳೆಯುತ್ತಿದ್ದವು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಕೈಯಲ್ಲಿ ಗುಳಿಗೆಗಳು.

“ಎಂತದೇ ಚಿಕ್ಕಿ ಅದು?”

“ನೀರಿನ ಗುಳಿಗೆ. ನಾಕು ದಿನದ್ದು ಬಾಕಿ ಇದ್ದು. ಇವತ್ತಿಂದು ಸೇರಿ ಐದು.” ಇಷ್ಟು ಹೇಳಲು ಅವಳು ಮೂರು ಸಲ ಉಸಿರು ತೆಗೆದುಕೊಂಡಳು.

“ಐದೂ ಒಂದೇ ಸಲ ನುಂಗ್ತ್ಯ?”

“ಮತ್ತೆಂತ ಮಾಡವು? ನೀರು ನಾಕು ದಿನದ್ದು ನಿಂತಿದ್ದು. ಗುಳಿಗೆಯೂ ಅಷ್ಟೇ ಬೇಕಲೆ.”

ನಾನು ಕೈ ಚಾಚಿದೆ. ಅವಳು ಮುಷ್ಟಿ ಮುಚ್ಚಿದಳು.

“ನಾಳೆ ನಿಮ್ಮನೇಲೇ ಪಕ್ಷದ ತಿಥಿ. ಇವತ್ತು ನೀರು ಇಳಿಸ್ಕಂಡ್ರೆ ನಾಳೆ ವಡೆಗೆ ಆಗ್ತು. ನಿಂಗೆ ವಡೆ ತಟ್ಟಲೆ ಬತ್ತಾ? ನಿನ್ನ ಆಯಿ ಮಡಿ ಅಡುಗೆ ಬಿಟ್ಟು ಎಷ್ಟು ವರ್ಷ ಆತು?”

“ವಡೆ ಹಾಳಾಗಿ ಹೋಗ್ಲಿ. ಕೊಡು ಇಲ್ಲಿ.”

“ವಡೆಗೆ ಹಾಂಗೆಲ್ಲ ಹೇಳಲಾಗ,” ಎಂದಳು. ಆದರೆ ಮುಷ್ಟಿ ಬಿಚ್ಚಿದಳು. ಬಿಚ್ಚಿದ್ದು ನನ್ನ ಮಾತಿಗಲ್ಲ, ಕೆಮ್ಮು ಬಂದದ್ದಕ್ಕೆ ಎಂದು ಈಗ ಅನಿಸುತ್ತದೆ.

ಶಿರಸಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ಹಾವೇರಿ ಕಡೆಯವರು, ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಪಾದವನ್ನು ಬೆರಳಿಂದ ಒತ್ತಿ, ಎದೆ ಬೆನ್ನು ಕೇಳಿ, ಎರಡು ದಿನ ಇಲ್ಲೇ ಇರಬೇಕು, ಇಂಜೆಕ್ಷನ್ ಕೊಡುತ್ತೇವೆ ಎಂದರು. ನಾನು ಐದು ಗುಳಿಗೆಯ ವಿಷಯ ಹೇಳಿದೆ.

“ಐದೂ ತಗೊಂಡಿದ್ರ ಬಿ.ಪಿ. ಇಳದು ಬಚ್ಚಲದಾಗ ಬೀಳ್ತಿದ್ರಿ, ಅಮ್ಮಾರ. ರಕ್ತದಾಗಿನ ಪೊಟ್ಯಾಸಿಯಮ್ ಇಳೀತಿತ್ತು, ಕಿಡ್ನಿಗೂ ತ್ರಾಸ ಆಗ್ತಿತ್ತು. ಬಿಟ್ಟದ್ದನ್ನ ಕೂಡಿಸಿ ನುಂಗೂ ಗುಳಿಗಿ ಅಲ್ರಿ ಇದು. ಯಾಕ ಬಿಟ್ರಿ?”

ಚಿಕ್ಕಿ ಗೋಡೆ ನೋಡಿದಳು. ಮಡಿಯ ವಿಷಯವನ್ನು ಪರ ಊರಿನ ಡಾಕ್ಟರ ಮುಂದೆ ಹೇಗೆ ಹೇಳುವುದು ಎಂಬ ಸಂಕೋಚ. ಕೊನೆಗೆ ನನ್ನ ಕಡೆ ಬೆರಳು ತೋರಿಸಿದಳು.

“ಇವಳೇ ಹೇಳಿದ್ದು. ಒಂದು ದಿನ ಬಿಟ್ಟರೆ ಏನೂ ಆಗೂದಿಲ್ಲ, ನಾಳೆ ತಗೊಂಡ್ರೆ ಆಯ್ತು ಅಂತ. ಕಾಲೇಜು ಕಲಿತವಳು ಹೇಳಿದ್ದು ಅಂತ ಬಿಟ್ಟೆ.”

ಡಾಕ್ಟರು ನನ್ನನ್ನು ನೋಡಿದರು. ಇಲ್ಲ ಎನ್ನಲು ಬಾಯಿ ತೆರೆದೆ. ಇಲ್ಲ ಎಂದು ಹೇಳಲು, ಹಾಗೆ ಹೇಳಿರಲಿಲ್ಲ ಎಂಬುದು ನನಗೆ ನೆನಪಿರಬೇಕಲ್ಲ?

ಮಾರನೆಯ ದಿನ ನಮ್ಮ ಮನೆಯ ಪಕ್ಷಕ್ಕೆ ನಾನೇ ಮಡಿ ಉಟ್ಟು ವಡೆ ತಟ್ಟಿದೆ. ಮಡಿಯಲ್ಲಿದ್ದವಳು ಫೋನ್ ಮುಟ್ಟುವಂತಿಲ್ಲ. ಆಯಿ ಅಡುಗೆಮನೆಯ ಬಾಗಿಲಾಚೆ ನಿಂತು ಸ್ಪೀಕರ್ ಹಾಕಿ ಹಿಡಿದಳು. ಆಸ್ಪತ್ರೆಯ ಮಂಚದಿಂದ ಚಿಕ್ಕಿಯ ಧ್ವನಿ ಬರುತ್ತಿತ್ತು: “ಎಣ್ಣೆ ಹೊಗೆ ಬಂತಾ? ಬಂದ್ರೆ ಕೆಟ್ಟತು. ಉರಿ ಇಳಿಸು. ಇಳಿಸಿದ್ಯ?” ಉಸಿರು ಈಗ ಕಡಿಯುತ್ತಿರಲಿಲ್ಲ, ಬೈಯುವಷ್ಟು ಉದ್ದವಾಗಿತ್ತು. ನನ್ನ ವಡೆ ಎರಡು ಗಂಟೆಗೇ ಗಟ್ಟಿಯಾಯಿತು. ಊಟಕ್ಕೆ ಕೂತವರಲ್ಲಿ ಒಬ್ಬರು “ಅವರಿಗೆ ಹುಷಾರಿಲ್ಯ?” ಎಂದು ಚಿಕ್ಕಿಯ ಬಗ್ಗೆ ವಿಚಾರಿಸಿದರು.

ಬಿಡುಗಡೆಯ ದಿನ ಮಡಿಯ ಕತೆಯನ್ನು ಡಾಕ್ಟರಿಗೆ ನಾನೇ ಬಿಡಿಸಿ ಹೇಳಿದೆ. ಚಿಕ್ಕಿ ನನ್ನ ತೋಳು ಚಿವುಟಿದಳು. ಡಾಕ್ಟರು ನಗಲಿಲ್ಲ.

“ಮುಂಜಾನೇನೇ ತಗೋಬೇಕಂತ ಕಾಯ್ದೆ ಏನಿಲ್ರಿ. ಅಂಥಾ ದಿನ ಊಟ ಆದ ಮ್ಯಾಲೆ, ಮೂರು ಗಂಟೆಕ್ಕ ಒಂದು ತಗೋರಿ. ಅದಕ್ಕಿಂತ ತಡಾ ಮಾಡಿದ್ರ ನಿದ್ದಿ ಕೆಡ್ತದ. ಆದ್ರ ಸಾಲಾಗಿ ನಾಲ್ಕು ದಿನ ಒಲಿ ಮುಂದ ನಿಂದರೂದು ಬ್ಯಾಡ.”

“ಇಷ್ಟು ದಿನ ಇದನ್ನ ಯಾರೂ ಹೇಳಲೇ ಇಲ್ಲ!” ಎಂದಳು ಚಿಕ್ಕಿ, ಡಾಕ್ಟರದೇ ತಪ್ಪು ಎಂಬಂತೆ.

“ನೀವು ಕೇಳಲೇ ಇಲ್ಲಲ್ರಿ.”

ಅವರು ಹೇಳಿದ ಉಳಿದದ್ದನ್ನು ಅಲ್ಲೇ ಕೂತು ಬರೆದುಕೊಂಡೆ. ಈ ಪುಟವನ್ನು ಮಾತ್ರ ನಾನು ಪೂರ್ತಿ ನಂಬುತ್ತೇನೆ. ದಿನಾ ಬೆಳಿಗ್ಗೆ ಬಚ್ಚಲಿಗೆ ಹೋಗಿ ಬಂದು, ತಿನ್ನುವ ಮೊದಲು ತೂಕ ನೋಡಬೇಕು. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಕೂಡಲೇ ಫೋನ್ ಮಾಡಬೇಕು. ಒಂದು ಹೊತ್ತಿನದು ಮರೆತು ಸಂಜೆಯಾಗಿಬಿಟ್ಟಿದ್ದರೆ ಅದನ್ನು ಬಿಟ್ಟು ಮಾರನೆಯ ದಿನ ಒಂದೇ ತೆಗೆದುಕೊಳ್ಳಬೇಕು. ಹಾಸಿಗೆಯಿಂದ ತಟ್ಟನೆ ಏಳಬಾರದು. ವಾಂತಿ ಭೇದಿಯಾಗಿ ಮೈ ಒಣಗಿದ ದಿನ ಗುಳಿಗೆಗೆ ಮೊದಲು ಕೇಳಬೇಕು. ಮಂಡಿ ನೋವಿಗೆಂದು ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತಾನಾಗಿ ತರಬಾರದು, ಅದು ನೀರು ನಿಲ್ಲಿಸುತ್ತದೆ, ಕಿಡ್ನಿಗೂ ಭಾರ. ಹೇಳಿದಾಗ ರಕ್ತ ಪರೀಕ್ಷೆ ತಪ್ಪಿಸಬಾರದು. ಉಪ್ಪು ಕಡಿಮೆ. ಉಪ್ಪಿನಕಾಯಿಯೂ ಉಪ್ಪಿನ ಲೆಕ್ಕಕ್ಕೇ ಬರುತ್ತದೆ ಎಂದಾಗ ಚಿಕ್ಕಿಗೆ ಆದಷ್ಟು ದುಃಖ ಇಂಜೆಕ್ಷನ್ನಿಗೂ ಆಗಿರಲಿಲ್ಲ. ಪಕ್ಕದ ಮನೆಯವರಿಗೆ ಕಾಲು ಬಾತಿದೆ, ನನ್ನದೊಂದು ಕೊಡಲೇ ಎಂದೂ ಕೇಳಿದಳು. ಕೊಡಕೂಡದು. ಮೂರು ಗಂಟೆಯ ವ್ಯವಸ್ಥೆಯೂ ಅವಳಿಗೆ ಹೇಳಿದ್ದು. ಬೇರೆಯವರು ತಮ್ಮ ಡಾಕ್ಟರನ್ನೇ ಕೇಳಬೇಕು.

ಆಮೇಲೆ ಚಿಕ್ಕಿ ಮೂರು ತಿಥಿ ಅಡುಗೆ ಮಾಡಿದ್ದಾಳೆ, ಒಂದೊಂದರ ನಡುವೆ ಬಿಡುವು ಕೊಟ್ಟು. ಮೂರು ಗಂಟೆಗೆ ಗುಳಿಗೆ ನುಂಗಿ, ಓಡಾಟ ಮುಗಿದ ಮೇಲೆ ಸ್ಕೂಟರ್ ಹತ್ತುತ್ತಾಳೆ. ಚಿಕ್ಕಪ್ಪ ಅಷ್ಟು ಹೊತ್ತು ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಕಾಯುತ್ತಾರೆ. ಅವಳು ಅಡುಗೆ ಬಿಡಲಿಲ್ಲ, ಗುಳಿಗೆಯನ್ನೂ ಬಿಡಲಿಲ್ಲ. ಪಾದ ಬಾತಿಲ್ಲ. ಇಷ್ಟನ್ನು ಧೈರ್ಯವಾಗಿ ಬರೆಯಬಲ್ಲೆ.

ಬರೆಯಲಾಗದ್ದು ಒಂದಿದೆ. ಪಿತೃಪಕ್ಷಕ್ಕೆ ಕೆಲವು ತಿಂಗಳ ಮೊದಲು ಒಂದು ಮದುವೆಗೆ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೊರಟಿದ್ದೆವು, ನೆಂಟರೆಲ್ಲ ಸೇರಿ ಬಾಡಿಗೆ ಟೆಂಪೋದಲ್ಲಿ. ಚಿಕ್ಕಿ ಬೆಳಿಗ್ಗೆ ಗುಳಿಗೆ ನುಂಗಿಯೇ ಹತ್ತಿದ್ದಳು. ಕಿರವತ್ತಿಗೆ ಬರುವಷ್ಟರಲ್ಲಿ ಅವಳಿಗಾಗಿ ಮೂರನೆಯ ಸಲ ಗಾಡಿ ನಿಂತಿತು, ಒಂದು ಢಾಬಾದ ಮುಂದೆ. ಅವತ್ತಿನ ಪುಟದಲ್ಲಿ ಇರುವುದು ಇಷ್ಟೇ: ‘ಕಿರವತ್ತಿ. ಬಾಗಿಲಿಗೆ ಚಿಲಕ ಇಲ್ಲ. ಹಿಡಿದು ನಿಂತೆ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ.’ ಹಾರ್ನ್ ಕೇಳುತ್ತ ಬಚ್ಚಲಿನ ಬಾಗಿಲು ಹಿಡಿದು ನಿಂತವಳು, ಬೇಸರಕ್ಕೋ ಅವಳ ಮೇಲಿನ ಕನಿಕರಕ್ಕೋ, ಒಂದು ದಿನ ಬಿಟ್ಟರೆ ಏನೂ ಆಗದು ಎಂದು ಅಂದಿರಬಹುದೇ? ನಾನು ಅನ್ನಬಹುದಾದ ಮಾತೇ ಅದು. ನೆನಪಿನಲ್ಲಿ ಹಾರ್ನ್ ಇದೆ, ಬಾಗಿಲಿನ ತಗಡು ಕೈಗೆ ಬಿಸಿ ತಾಗಿದ್ದೂ ಇದೆ, ನನ್ನ ಮಾತು ಮಾತ್ರ ಇಲ್ಲ.

ಮೊನ್ನೆ ಬೆಳಿಗ್ಗೆ ತೂಕ ಬರೆಯಲು ಹೋದಾಗ ಕೇಳಿಯೇಬಿಟ್ಟೆ. ಚಿಕ್ಕಿ ತೂಕದ ಯಂತ್ರದ ಮೇಲೆ ಕೈಕಟ್ಟಿ ನಿಂತಿದ್ದಳು.

“ನಲವತ್ತೊಂಬತ್ತು ಮುನ್ನೂರು,” ಎಂದಳು. “ಮೊದಲು ಅದನ್ನ ಬರಕ.”

ಬರೆದುಕೊಂಡೆ. ಅವಳು ಇಳಿದು, ಯಂತ್ರವನ್ನು ಕಾಲಿನಿಂದ ಗೋಡೆಯ ಬದಿಗೆ ಸರಿಸಿ, ಚಾ ಇಡಲು ಒಳಗೆ ಹೋದಳು. ನಾನು ಹಿಂದೆಯೇ ಹೋಗಿ ಮತ್ತೆ ಕೇಳಿದೆ:

“ಚಿಕ್ಕೀ, ಕಿರವತ್ತಿಲಿ ಬಾಗಿಲು ಹಿಡಕಂಡು ನಿಂತಾಗ ನಾನೇ ನಿಂಗೆ ಹಾಂಗೆ ಹೇಳಿದ್ದು ಹೌದಾ, ಅಥವಾ ಡಾಕ್ಟರ ಎದುರು ಬಾಯಿಗೆ ಬಂದದ್ದಾ?”