ಜುಮ್ಮೆಂದ ಕಂಪ್ಯೂಟರ್

ನಮ್ಮ ಹಳೆಯ ಕಂಪ್ಯೂಟರಿಗೂ ನನಗೂ ಸ್ವಭಾವದಲ್ಲಿ ಒಳ್ಳೆಯ ಹೊಂದಾಣಿಕೆಯಿತ್ತು. ಏನು ಹೇಳಿದರೂ ಅದು ಮೊದಲು ಸ್ವಲ್ಪ ಹೊತ್ತು ಯೋಚಿಸುತ್ತಿತ್ತು. ದೇವದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ನಾನೂ ಮಗಳೂ ಅದರಲ್ಲಿ ಕಾರಿನ ಆಟ ಆಡುತ್ತಿದ್ದೆವು. ನಾನು ಆಟದಲ್ಲೂ ತಿರುವು ಬಂದರೆ ಇಂಡಿಕೇಟರ್ ಹುಡುಕುವವನು. ಹಿಂದಿನ ಕಾರುಗಳು ಮುಂದೆ ಹೋಗಲಿ ಎಂದು ಬದಿಗೆ ನಿಲ್ಲಿಸಿಕೊಳ್ಳುತ್ತಿದ್ದೆ. ಆಟ ನಡುನಡುವೆ ಸಿಕ್ಕಿಕೊಂಡು ನಿಂತರೆ ಮಗಳು ಹಲ್ಲು ಕಡಿಯುತ್ತಿದ್ದಳು. ನನಗೆ ಅದೇ ಸಮಾಧಾನ: ನಿಂತ ಕಾರು ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ.

ಡಿಗ್ರಿ ಎರಡನೆಯ ವರ್ಷದ ಪರೀಕ್ಷೆ ಮುಗಿದ ಮರುದಿನ ಅವಳು ಹೇಳಿದಳು:

"ಅಪ್ಪಾ, ಇದು ಇನ್ನ ಆಗೂದಿಲ್ಲ. ರೆಡಿ ಇದ್ದದ್ದು ತರೋದೂ ಬ್ಯಾಡ. ಸಾಮಾನು ತಂದು ನಾನ ಜೋಡಸ್ತೀನಿ."

ಕರೆಂಟ್ ಎಂದರೆ ನನಗೆ ಪ್ರಾಣಭಯ. ಬಲ್ಬ್ ಬದಲಿಸುವಾಗಲೂ ಮೇನ್ ಬಂದ್ ಮಾಡಿ, ಬಂದ್ ಆಗಿದೆಯೇ ಎಂದು ಎರಡು ಸಲ ನೋಡಿ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಸ್ಟೂಲ್ ಹತ್ತುವವನು ನಾನು. ಕಂಪ್ಯೂಟರಿನ ಕಬ್ಬಿಣದ ಡಬ್ಬಿಯೊಳಗೆ ಮಗಳು ಕೈ ಹಾಕುತ್ತಾಳೆ, ಅವಳಿಗೆ ಏನಾದರೂ ಆಗುತ್ತದೆ. ಮುಂದಿನ ಹದಿನೈದು ದಿನ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

"ರೆಡೀನ ತರೋಣ ಯವ್ವಾ. ಕೆಟ್ರ ಬೈಯಾಕ ಅಂಗಡ್ಯಾಂವರ ಒಬ್ಬ ಇರ್ತಾನ," ಎಂದೆ.

"ನಾ ಜೋಡಿಸಿದ್ದು ಕೆಟ್ರ ನನ್ನ ಬೈ."

"ನಿನ್ನ ಬೈದ್ರ ನಿಮ್ಮವ್ವ ನನ್ನ ಬೈತಾಳ."

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಒಳಗಿನಿಂದಲೇ, "ಅದಕ್ಕೇನ್ ಕಾರಣ ಬೇಕಾಗಿಲ್ರಿ," ಎಂದಳು.

ರಾಯಚೂರಿನ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಮಗಳು ಕೇಳಿದ್ದಕ್ಕೆಲ್ಲ ನನ್ನ ಮುಖ ನೋಡಿ ಉತ್ತರ ಕೊಡುತ್ತಿದ್ದ. ನಾನು ಎಲ್ಲಕ್ಕೂ ತಲೆಯಾಡಿಸುತ್ತಿದ್ದೆ. ಅವನು ಒಂದು ಬದಿಗೆ ಪೂರ್ತಿ ಗಾಜಿರುವ, ಒಳಗೆ ಮದುವೆ ಮನೆಯಂತೆ ಬಣ್ಣದ ದೀಪ ಓಡುವ ರೆಡಿ ಕಂಪ್ಯೂಟರೊಂದನ್ನು ತೋರಿಸಿದ.

"ಇದು ಒಯ್ರಿ ಸರ್, ಪ್ಲಗ್ ಹಾಕ್ರಿ, ಆಡ್ರಿ. ಕೈ ಹಚ್ಚೋ ಕೆಲಸನ ಇಲ್ಲ."

ಕೈ ಹಚ್ಚೋ ಕೆಲಸವೇ ಇಲ್ಲ! ನಾನು ಅಲ್ಲೇ ಸೋತುಹೋದೆ. ಮಗಳು ಮಾತ್ರ ಒಳಗಿನ ಪವರ್ ಸಪ್ಲೈ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವ ವರ್ಷದ್ದು ಎಂದು ಕೇಳಿದಳು. ಅವನು ಮತ್ತೆ ದೀಪಗಳ ವರ್ಣನೆ ಶುರು ಮಾಡಿದ.

"ಅಣ್ಣಾ, ದೀಪದ ಮ್ಯಾಲೆ ಆಟ ಓಡ್ತದೇನ್ರಿ?"

ಅವನು ನಕ್ಕುಬಿಟ್ಟ. ಅಲ್ಲಿಂದ ಮುಂದೆ ಅವಳ ಮುಖ ನೋಡಿಯೇ ಮಾತಾಡಿದ. ಕೊನೆಗೆ, ಒಳಗಿನ ಸಾಮಾನೆಲ್ಲ ಹೊಸದು, ಕಬ್ಬಿಣದ ಡಬ್ಬಿ ಮಾತ್ರ ಮನೆಯ ಹಳೆಯದೇ ಎಂದು ತೀರ್ಮಾನವಾಯಿತು. ಹೊರಡುವಾಗ ನಾನು ತಡೆಯಲಾರದೆ ಕೇಳಿದೆ:

"ಇದು ಶಾಕ್ ಗೀಕ್ ಹೊಡೀತದೇನ್ರಿ?"

"ಏನಿಲ್ಲ ಬಿಡ್ರಿ ಸರ್. ಮನಿಯಾಗ ಅರ್ಥಿಂಗ್ ಚಲೋ ಅದಲ್ರಿ?"

"ಅದ, ಅದ," ಎಂದೆ. ಸೋರಿದ ಕರೆಂಟ್ ಭೂಮಿಗೆ ಇಳಿಯಲೆಂದು ಮನೆ ಕಟ್ಟಿಸುವಾಗ ನಾನೇ ಎದುರು ನಿಂತು, ಅಂಗಳದಲ್ಲಿ ಗುಂಡಿ ತೆಗೆಸಿ, ಉಪ್ಪು ಇದ್ದಿಲು ತುಂಬಿಸಿ, ಪೈಪು ಹುಗಿಸಿದ್ದೆ. ಜೀವನದಲ್ಲಿ ನಾನು ಇಷ್ಟು ಧೈರ್ಯವಾಗಿ ಉತ್ತರ ಕೊಟ್ಟ ಪ್ರಶ್ನೆಗಳು ಕಡಿಮೆ.

ಬಸ್ಸಿನಲ್ಲಿ ಡಬ್ಬಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಮಸರಕಲ್ ದಾಟುವಾಗ ಬಸ್ಸು ಒಂದು ಗುಂಡಿಗೆ ಇಳಿದು ಎದ್ದಿತು. ನಾನು ಡಬ್ಬಗಳ ಸಮೇತ ಸೀಟಿನಿಂದ ಎದ್ದು ನಿಂತಿದ್ದೆ. ಪಕ್ಕದಲ್ಲಿದ್ದ ಮುದುಕಿ, "ಯಪ್ಪಾ, ತತ್ತಿ ಅದಾವೇನು ಒಳಗ?" ಎಂದು ಕೇಳಿದಳು. ಮೊಟ್ಟೆಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಒಡೆದರೆ ಒಡೆದದ್ದು ಕಾಣುತ್ತದೆ.

ಭಾನುವಾರ ಬೆಳಿಗ್ಗೆ ಪಡಸಾಲೆಯ ಫರ್ಸಿ ಕಲ್ಲಿನ ನೆಲದ ಮೇಲೆ ಚಾದರ ಹಾಸಿ ಮಗಳು ಕುಳಿತಳು. ಯಾವ ಸಾಮಾನು ಮುಟ್ಟುವ ಮೊದಲೂ ಕಬ್ಬಿಣದ ಡಬ್ಬಿಯನ್ನೊಮ್ಮೆ ಮುಟ್ಟುತ್ತಿದ್ದಳು. ಯಾಕೆಂದು ಕೇಳಿದರೆ, "ಮೈಯಾಗಿನ ಕರೆಂಟ್ ಇಳೀಲಿ ಅಂತ," ಎಂದಳು. ಮೈಯಲ್ಲೂ ಕರೆಂಟ್ ಇರುತ್ತದೆಂಬುದು ನನಗೆ ಅಂದು ಸಿಕ್ಕ ಹೊಸ ಭಯ. ಕಂಪ್ಯೂಟರಿನ ಮೆದುಳನ್ನು, ಅಂದರೆ ಪ್ರೊಸೆಸರನ್ನು, ಕೂರಿಸಿ ಅದರ ಸಣ್ಣ ಸರಳನ್ನು ಒತ್ತುವಾಗ ಕಿರ್ ಎಂದು ಸದ್ದಾಯಿತು.

"ಮುರೀತು!" ಎಂದೆ.

"ಹಂಗ ಸಪ್ಪಳ ಬರ್ತದಪ್ಪಾ. ನೀ ಉಸಿರು ಬಿಡು ಮೊದಲು."

ಅದರ ಮೇಲೆ ಕಾವು ಇಳಿಸುವ ಬಿಳಿಯ ಮುಲಾಮು ಹಚ್ಚಬೇಕಿತ್ತು. ಕಡಲೆ ಕಾಳಿನಷ್ಟೋ ತೊಗರಿ ಕಾಳಿನಷ್ಟೋ ಎಂದು ನಾವಿಬ್ಬರೂ ವಾದಿಸುತ್ತಿರುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ, "ಹ್ಯಾಂಗಿದ್ರೂ ವಿಭೂತಿ ಇದ್ದಂಗ ಅದ, ಮೂರು ಬಟ್ಟು ಎಳದು ಕೈ ಮುಗೀರಿ," ಎಂದಳು. ಮಗಳು ನಿಜವಾಗಿಯೂ ಸಣ್ಣದಾಗಿ ಮೂರು ಗೆರೆ ಎಳೆದಳು. ನಾನು ನಿಜವಾಗಿಯೂ ಕೈ ಮುಗಿದೆ.

ಎಲ್ಲ ಜೋಡಿಸಿ ಮುಗಿದಾಗ ಮಧ್ಯಾಹ್ನ. ಸ್ವಿಚ್ ನಾನು ಹಾಕಲಿಲ್ಲ, ಬಾಗಿಲ ಹೊಸ್ತಿಲಲ್ಲಿ ಮೇನ್ ಸ್ವಿಚ್ಚಿನ ಹತ್ತಿರ ನಿಂತಿದ್ದೆ. ಅವಳು ಹಾಕಿದಳು. ಫ್ಯಾನ್ ತಿರುಗಿತು. ಪರದೆ ಬೆಳಗಿತು. ಮಗಳು ಕೂಗಿದ್ದಕ್ಕೆ ಓಣಿಯ ನಾಯಿ ಬೊಗಳಿತು. ನನ್ನ ಕಣ್ಣಲ್ಲಿ ನೀರು ಬಂತು, ಅದು ಸಂತೋಷದ್ದೋ ಅಲ್ಲಿಯವರೆಗೆ ರೆಪ್ಪೆ ಬಡಿಯದೆ ನಿಂತದ್ದರದ್ದೋ ತಿಳಿಯದು.

ಆಮೇಲೆ ಅವಳು ಡಬ್ಬಿಯನ್ನು ಗೋಡೆಯ ಕಡೆ ಸರಿಸಲೆಂದು ಚಾಲೂ ಇದ್ದಂತೆಯೇ ಎರಡೂ ಕೈಯಿಂದ ಹಿಡಿದಳು; ಹಿಂದೆಂದೂ ಅದನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಬರಿಗಾಲು. ಫರ್ಸಿ ಆಗತಾನೇ ಒರೆಸಿದ್ದು. ಥಟ್ಟನೆ ಕೈ ಕಿತ್ತುಕೊಂಡಳು.

"ಅಪ್ಪಾ, ಜುಮ್ ಅಂತದ ಇದು."

ಮೇನ್ ಬಂದ್ ಮಾಡಿದ್ದು ನನಗೆ ನೆನಪಿಲ್ಲ. ಅವಳ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದದ್ದು ನೆನಪಿದೆ. ಅವಳು, "ಏನೂ ಆಗಿಲ್ಲಪ್ಪಾ, ಇರಿವಿ ಕಡಿದಂಗ ಆತು ಅಷ್ಟ," ಎನ್ನುತ್ತಲೇ ಇದ್ದಳು.

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ನಡೆದದ್ದನ್ನು ಕೇಳಿಸಿಕೊಂಡಳು. ಆಮೇಲೆ ಹೇಳಿದಳು:

"ಫ್ರಿಜ್ಜೂ ಹಿಂಗ ಜುಮ್ ಅಂತದ ಅಂತ ನಾ ಎಷ್ಟ್ ವರ್ಷದಿಂದ ಹೇಳಾಕತ್ತೀನಿ?"

ಹೇಳಿದ್ದಳು. ಬೇಸಿಗೆಯಲ್ಲಿ ಹೆಚ್ಚಾಗಿ ಹೇಳುತ್ತಿದ್ದಳು. ನಾನು ಏನು ಮಾಡಿದ್ದೆನೆಂದರೆ, ಅವಳಿಗೆ ರಕ್ತ ಕಡಿಮೆಯಾಗಿ ಕೈ ಜುಮ್ಮೆನ್ನುತ್ತಿದೆ ಎಂದು ಶಕ್ತಿಯ ಗುಳಿಗೆ ತಂದುಕೊಟ್ಟಿದ್ದೆ. ನಾನು ಫ್ರಿಜ್ ಮುಟ್ಟಿ ನೋಡಿದ್ದೂ ಉಂಟು. ಚೇಳಿನ ಹೆದರಿಕೆಗೆ ಮನೆಯೊಳಗೂ ರಬ್ಬರ್ ಚಪ್ಪಲಿ ಮೆಟ್ಟುವವನಿಗೆ ಏನು ತಾಕಬೇಕು?

ಮಾನ್ವಿಯಲ್ಲಿ ಹೆಂಡತಿಯ ತಮ್ಮ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುತ್ತಾನೆ. ನಮ್ಮ ಮನೆಗೆ ವೈರಿಂಗ್ ಮಾಡಿದವನೂ ಅವನೇ. ಫೋನ್ ಮಾಡಿದೆ. ಬೈಕಿನ ಮೇಲೆ ಬಂದು ಮೇನ್ ಹಾಕಿದ. ಹೋಲ್ಡರಿನಲ್ಲಿ ಬಲ್ಬ್ ಸಿಕ್ಕಿಸಿ, ಅದರ ಒಂದು ವೈರನ್ನು ಕರೆಂಟಿನ ತೂತಿಗೆ, ಇನ್ನೊಂದನ್ನು ಮೇಲಿನ ದೊಡ್ಡ ತೂತಿಗೆ, ಅಂದರೆ ಅರ್ಥಿಂಗಿಗೆ, ಹಾಕಿದ. ಅರ್ಥಿಂಗ್ ಸರಿಯಿದ್ದರೆ ಬಲ್ಬ್ ಹತ್ತಬೇಕಿತ್ತು. ಹತ್ತಲಿಲ್ಲ.

"ಅಂಗಳದಾಗ ಪೈಪ್ ಇತ್ತಲ್ಲ ಭಾವಾ, ಎಲ್ಲೈತಿ?"

ತುಳಸಿ ಕಟ್ಟೆಯ ಪಕ್ಕದ ಶಹಾಬಾದ್ ಕಲ್ಲನ್ನು ತೋರಿಸಿದೆ. ಮನೆಗೆ ಬಂದ ಮೊದಲ ವರ್ಷವೇ ನಾನು ಆ ಗುಂಡಿಯ ಮೇಲೆ ಕಲ್ಲು ಹಾಕಿಸಿ ಸಿಮೆಂಟಿನಿಂದ ಮುಚ್ಚಿಸಿದ್ದೆ.

"ಯಾಕ?"

"ಹಾವು ಸೇರ್ಕೊಂತಾವ ಅಂತ."

ಅವನು ಅಂಗಳದಲ್ಲೇ ಕುಕ್ಕರಗಾಲಲ್ಲಿ ಕುಳಿತು ನಗತೊಡಗಿದ. "ಬ್ಯಾಸಿಗ್ಯಾಗ ದಿನಾ ಒಂದು ಕೊಡ ನೀರು ಹಾಕ್ರಿ ಅಂತ ಹೇಳಿದ್ದೆ ಭಾವಾ. ನೀವು ಹಾವಿಗೆ ಹೆದರಿ ಕರೆಂಟ್ ಮನಿಯಾಗ ಸಾಕ್ಕೊಂಡೀರಿ!" ಅಕ್ಕನ ಮುಖ ನೋಡಿದವನು ನಗು ನಿಲ್ಲಿಸಿದ.

ನನಗೆ ನಿಜವಾದ ಭಯ ಆದದ್ದು ಆಗ. ಅಷ್ಟು ವರ್ಷ ಒದ್ದೆ ಕೈಯಲ್ಲಿ ಹೆಂಡತಿ ಫ್ರಿಜ್ ತೆಗೆದಿದ್ದಾಳೆ, ಮಿಕ್ಸಿ ಹಿಡಿದಿದ್ದಾಳೆ, ಬಟ್ಟೆ ಒಗೆಯುವ ಮಶೀನಿನ ಮುಂದೆ ನೀರಲ್ಲಿ ನಿಂತಿದ್ದಾಳೆ. ಪಕ್ಕದ ಕೋಣೆಯಲ್ಲಿ ನಾನು ಸಿಡಿಲಿಗೆ, ಚೇಳಿಗೆ, ಆಟದ ಕಾರಿಗೆ ಹೆದರುತ್ತ ಕುಳಿತಿದ್ದೆ.

ಕಲ್ಲು ಎಬ್ಬಿಸಿದಾಗ ಹಾವು ಇರಲಿಲ್ಲ. ಮಣ್ಣು ಸುಟ್ಟ ಇಟ್ಟಿಗೆಯಂತೆ ಒಣಗಿತ್ತು, ಪೈಪಿಗೆ ಬಿಗಿದ ತಂತಿ ತುಕ್ಕು ಹಿಡಿದು ಕೈಗೆ ಪುಡಿಯಾಗಿ ಬಂತು. ಹೊಸ ತಂತಿ ಕಟ್ಟಿ, ಉಪ್ಪು ಇದ್ದಿಲು ಹಾಕಿ, ಕೊಡಗಟ್ಟಲೆ ನೀರು ಸುರಿದೆವು. ಮಣ್ಣು ಗುಟುಗುಟು ಕುಡಿಯಿತು. ಸಂಜೆಗೆ ಬಲ್ಬ್ ಹತ್ತಿತು.

ಮಗಳು ಕಂಪ್ಯೂಟರ್ ಚಾಲೂ ಮಾಡಿ ಡಬ್ಬಿಯ ಕಡೆ ಕೈ ಚಾಚಿದಳು.

"ನಿಂದ್ರು," ಎಂದೆ. ಚಪ್ಪಲಿ ಬಿಟ್ಟೆ. ಕೊಡ ಹೊತ್ತು ಓಡಾಡಿ ಒದ್ದೆಯಾಗಿದ್ದ ಫರ್ಸಿ ಅಂಗಾಲಿಗೆ ತಣ್ಣಗೆ ತಾಗಿತು. ಮೈದುನ ಹೇಳಿಕೊಟ್ಟಂತೆ ಕೈಯ ಹಿಂಬದಿಯಿಂದ ಮುಟ್ಟಬೇಕಿತ್ತು. ಕಣ್ಣು ಮುಚ್ಚಿ ಮುಟ್ಟಿದೆ. ಅಲ್ಲೇ ಇಟ್ಟುಕೊಂಡೆ.

"ಏನಾತಪ್ಪಾ?"

"ಏನಿಲ್ಲ."

"ಕಣ್ ತಗೀ ಹಂಗಾರ."

ಗಾಜಿನ, ದೀಪದ ರೆಡಿ ಕಂಪ್ಯೂಟರ್ ತಂದಿದ್ದರೆ ಕೈ ಹಚ್ಚುವ ಕೆಲಸವೇ ಇರುತ್ತಿರಲಿಲ್ಲ, ಫ್ರಿಜ್ಜಿನದೂ ತಿಳಿಯುತ್ತಿರಲಿಲ್ಲ. ಅದನ್ನೇ ಯೋಚಿಸುತ್ತ ಕಣ್ಣು ತೆರೆದೆ. ಹೆಂಡತಿ ಪಡಸಾಲೆಯಲ್ಲಿರಲಿಲ್ಲ. ಹುಡುಕಿಕೊಂಡು ಹೋದರೆ, ಅಡುಗೆಮನೆಯಲ್ಲಿ ಕೈ ತೊಳೆದು, ಒರೆಸಿಕೊಳ್ಳದೆ, ಬರಿಗಾಲಲ್ಲಿ ಫ್ರಿಜ್ಜಿನ ಹಿಡಿಕೆಯನ್ನು ಹಿಡಿದುಕೊಂಡು ನಿಂತಿದ್ದಳು. ನಾನು ಬಂದದ್ದು ಗೊತ್ತಾದರೂ ತಿರುಗಲಿಲ್ಲ.

"ಆ ಗುಳಿಗಿ ಇನ್ನ ಅರ್ಧ ಡಬ್ಬಿ ಉಳದಾವ. ನೀವ ನುಂಗ್ರಿ," ಎಂದಳು.

ಈಗ ದಿನಾ ಬೆಳಿಗ್ಗೆ ಆ ಗುಂಡಿಗೆ ನೀರು ಹಾಕುವುದು ನಾನೇ. ಒಂದು ಕೈಯಲ್ಲಿ ಕೊಡ, ಇನ್ನೊಂದು ಕೈಯಲ್ಲಿ ಹಾವಿಗೆಂದು ಕೋಲು.