ಖಾಲಿಯೆಂದು ನಾನು ಹೇಳಿದ ಲಕೋಟೆ

ನನ್ನ ನಿವೃತ್ತಿಯ ದಿನ ಹೆಂಡತಿಯ ತಮ್ಮ ಪ್ರಭಾಕರ ಕೊಟ್ಟ ಲಕೋಟೆ ಖಾಲಿಯಿರಲಿಲ್ಲ. ಖಾಲಿಯಿತ್ತೆಂದು ಹೇಳಿದವನು ನಾನು. ಹೇಳಿದ್ದು ಸುಳ್ಳು. ಆ ಸುಳ್ಳಿನ ದೆಸೆಯಿಂದ ಒಬ್ಬ ಅಕ್ಕ ಮತ್ತು ಒಬ್ಬ ತಮ್ಮ ಮೂರು ವರ್ಷಕ್ಕೂ ಮೇಲ್ಪಟ್ಟು ಮಾತಿಲ್ಲದೆ ಬದುಕಿದರು. ಅವಮಾನಕ್ಕೊಳಗಾದವರು ತಾವೇ ಎಂದು ಇಬ್ಬರೂ ನಂಬಿದ್ದರು, ಇಬ್ಬರದೂ ತಪ್ಪಿರಲಿಲ್ಲ.

ಇದನ್ನು ಮನೆಯೊಳಗೇ ಹೇಳಿ ಮುಗಿಸಬಹುದಿತ್ತಲ್ಲ ಎನ್ನುವವರಿದ್ದಾರೆ. ಮುಗಿಸಲಾಗದು. ಖಾಲಿ ಲಕೋಟೆಯ ಕಥೆಯನ್ನು ನಾನು ಹುಬ್ಬಳ್ಳಿ-ಧಾರವಾಡಗಳ ಹನ್ನೊಂದು ಮನೆಗಳಲ್ಲಿ ಹೇಳಿದ್ದೇನೆ. ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರಿಗೆ ಹೇಳಿದ್ದೇನೆ. ಕೇಳಿದವರು ನಕ್ಕಾಗ ಸಂತೋಷಪಟ್ಟಿದ್ದೇನೆ. ಅಷ್ಟು ಜನರ ಎದುರು ಆಡಿದ ಮಾತನ್ನು ಒಂದು ಕೋಣೆಯಲ್ಲಿ ಹಿಂತೆಗೆದುಕೊಂಡರೆ ಅದು — ಮತ್ತೊಂದು ಬಚ್ಚಿಡುವಿಕೆಯಾದೀತು, ಅಷ್ಟೆ.

ನಾನು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ನಿರೀಕ್ಷಕನಾಗಿದ್ದವನು. ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿ ತಕ್ಕಡಿ ಪರೀಕ್ಷಿಸಿ, ತೂಕದ ಕಲ್ಲುಗಳಿಗೆ ಮುದ್ರೆಯೊತ್ತಿ ಕಾಲ ಕಳೆದೆ. ಕಚೇರಿಯಲ್ಲಿ ನನ್ನ ನೆನಪಿನ ಶಕ್ತಿಗೆ ಹೆಸರಿತ್ತು. ಮನೆಯಲ್ಲಿ ಆ ಶಕ್ತಿ ಬೇರೊಂದು ಕೆಲಸ ಮಾಡುತ್ತಿತ್ತು: ಯಾರು, ಯಾವ ಸಮಾರಂಭದಲ್ಲಿ, ನನ್ನನ್ನು ಎರಡನೆಯ ಪಂಕ್ತಿಗೆ ಕೂರಿಸಿದರು, ಯಾರು ಲಗ್ನಪತ್ರಿಕೆಯನ್ನು ತಾವೇ ಬಂದು ಕೊಡದೆ ಅಂಚೆಯಲ್ಲಿ ಕಳಿಸಿದರು, ಯಾರು ನನ್ನ ಹೆಸರಿನ ಹಿಂದೆ ‘ಶ್ರೀ’ ಬರೆಯಲಿಲ್ಲ — ಇದಾವುದನ್ನೂ ನಾನು ಮರೆತವನಲ್ಲ. ಪ್ರಭಾಕರನ ಮಾತನ್ನೂ ಮರೆತಿರಲಿಲ್ಲ.

ಆ ಮಾತು ಆಡಿದ್ದು ಸಾವಿರದ ಒಂಬೈನೂರ ತೊಂಬತ್ತನಾಲ್ಕರಲ್ಲಿ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಅವನು ಫ್ಯಾನು, ಮಿಕ್ಸರು, ಫ್ರಿಜ್ಜುಗಳ ಅಂಗಡಿ ತೆರೆದ ದಿನ. ಪೂಜೆ ಮುಗಿದು ಗೋಧಿ ಹುಗ್ಗಿಯ ಊಟ ನಡೆದಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಹಿಮದ ಬೆಟ್ಟದ ಚಿತ್ರವಿತ್ತು. ಅದನ್ನು ನೋಡಿ ನನ್ನ ಹೆಂಡತಿ ಕಸ್ತೂರಿ, “ಒಮ್ಮೆರ ಹಿಮಾ ಕೈಯಾಗ ಹಿಡದ ನೋಡಬೇಕು ಅನಸ್ತೈತಿ,” ಎಂದಳು. ನಾನು ಗಂಭೀರವಾಗಿಯೇ ಹೇಳಿದೆ — ಪಿಗ್ಮಿ ಕಟ್ಟುತ್ತಿದ್ದೇನೆ, ತುಂಬಿದಾಗ ಹೋಗೋಣ, ಎಂದು. ದಿನಾಲು ಬ್ಯಾಂಕಿನ ಮನುಷ್ಯ ಬಾಗಿಲಿಗೆ ಬಂದು ಒಯ್ಯುವ ಆ ಸಣ್ಣ ಉಳಿತಾಯವನ್ನು ನಾನು ಪ್ರವಾಸಕ್ಕೆಂದೇ ತೆರೆದಿದ್ದೆ. ಕೂಡಲೇ ಪ್ರಭಾಕರ ಸಾರಿನ ಪಾತ್ರೆ ಹಿಡಿದುಕೊಂಡೇ ಕೂಗಿದ:

“ಭಾವಾರ ಪಿಗ್ಮಿ ತುಂಬೂದ್ರಾಗ ಅಲ್ಲಿ ಹಿಮಾ ಎಲ್ಲಾ ಕರಗಿ ನೀರಾಗಿರತೈತಿ ಬಿಡ ಅಕ್ಕಾ! ಬಾ ಇಲ್ಲಿ, ಫ್ರಿಜ್ಜಿನ ಮ್ಯಾಲಿನ ಡಬ್ಬಿ ತಗದ ತೋರಸ್ತೇನಿ, ಅದನ್ನ ನೋಡಿ ಸಮಾಧಾನ ಮಾಡ್ಕೋ.”

ಇಡೀ ಪಂಕ್ತಿ ನಕ್ಕಿತು. ಕಸ್ತೂರಿಯೂ ನಕ್ಕಳು — ಅವಳ ನಗೆಯೇ ನನಗೆ ಹೆಚ್ಚು ಚುಚ್ಚಿತು.

ಕೆಡುಕೆಂದರೆ, ಅವನ ಮಾತು ನಿಜವಾಗುತ್ತ ಹೋಯಿತು. ಪಿಗ್ಮಿ ಒಮ್ಮೆ ಕೊಳವೆ ಬಾವಿಯ ಮೋಟರಿಗೆ ಹೋಯಿತು, ಒಮ್ಮೆ ಸೋರುವ ಮಾಳಿಗೆಗೆ, ಒಮ್ಮೆ ಕಸ್ತೂರಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆ. ಪ್ರತಿ ಸಲವೂ ಹೊಸದಾಗಿ ಆರಂಭಿಸಿದೆ. ಪ್ರತಿ ಸಲವೂ ಆ ನಗೆ ಕಿವಿಯಲ್ಲಿ ಕೇಳಿಸಿತು. ಹನ್ನೆರಡು ವರ್ಷ.

ಎರಡು ಸಾವಿರದ ಆರರಲ್ಲಿ ನಿವೃತ್ತನಾದೆ. ಧಾರವಾಡದ ನಮ್ಮ ಮನೆಯಲ್ಲಿ ಸಣ್ಣ ಊಟ ಇಟ್ಟುಕೊಂಡಿದ್ದೆವು. ಬಂದವರು ನಮ್ಮ ಕಡೆಯ ಪದ್ಧತಿಯಂತೆ ಆಯೇರಿ ಮಾಡಿದರು — ಬಟ್ಟೆ, ಕುಂಕುಮ, ಲಕೋಟೆ. ಯಾರು ಏನು ಕೊಟ್ಟರೆಂದು ಬರೆದಿಡುವ ಪುಸ್ತಕವೊಂದು ಪ್ರತಿ ಮನೆಯಲ್ಲಿ ಇರುವಂತೆ ನಮ್ಮಲ್ಲಿಯೂ ಇತ್ತು; ನಾಳೆ ಅವರ ಮನೆಯ ಕಾರ್ಯಕ್ಕೆ ಅದನ್ನು ನೋಡಿಯೇ ತಿರುಗಿ ಆಯೇರಿ ಮಾಡಬೇಕು. ಕೊಟ್ಟವನು ‘ಮುಟ್ಟಿತೆ’ ಎಂದು ಕೆದಕಿ ಕೇಳಬಾರದು. ಪಡೆದವರು ‘ಇಷ್ಟೇಯೇ’ ಎನ್ನಬಾರದು. ಈ ಮರ್ಯಾದೆಯೇ ನನ್ನ ಸುಳ್ಳನ್ನು ಕಾಪಾಡಿತು.

ಮಂದಿ ಹೋದ ಮೇಲೆ, ಸಂಜೆ, ನಾನೊಬ್ಬನೇ ಕುಳಿತು ಲಕೋಟೆಗಳನ್ನು ಒಡೆಯುತ್ತಿದ್ದೆ. ಪ್ರಭಾಕರನದರಲ್ಲಿ ನೋಟಿರಲಿಲ್ಲ, ಒಂದು ಪ್ಲಾಸ್ಟಿಕ್ ಕಾರ್ಡು ಇತ್ತು. ಮೊದಲೇ ಹಣ ತುಂಬಿಸಿ ಉಡುಗೊರೆ ಕೊಡುವ ಗಿಫ್ಟ್ ಕಾರ್ಡು — ಬ್ಯಾಂಕಿನವರು ನಮ್ಮ ಊರಿನಲ್ಲಿ ಆಗಷ್ಟೇ ಮಾರತೊಡಗಿದ್ದರು. ಇಪ್ಪತ್ತು ಸಾವಿರದ್ದು. ಒಂದು ವರ್ಷದೊಳಗೆ ಬಳಸಬೇಕೆಂದು ಅದರ ಮೇಲೆಯೇ ಮುದ್ರಿಸಿತ್ತು. ಜೊತೆಗೆ ಒಂದು ಚೀಟಿ: “ಭಾವಾರ, ಹಿಮ ಕರಗೂದ್ರೊಳಗ ಅಕ್ಕಾಗ ತೋರಿಸಿಕೊಂಡ ಬರ್ರಿ.”

ಹನ್ನೆರಡು ವರ್ಷದ ಹಿಂದಿನ ಚೇಷ್ಟೆಯನ್ನು ಈಗ ಹಣ ಕೊಟ್ಟು ಪೂರ್ತಿ ಮಾಡಿದ್ದಾನೆ, ಎನಿಸಿತು. ನಾನು ಹತ್ತು ಹತ್ತು ರೂಪಾಯಿ ಕೂಡಿಟ್ಟು ಮಾಡಲಾಗದ್ದನ್ನು ಇವನು ಒಂದು ಕಾರ್ಡು ಕೊಂಡು ಮಾಡಿಬಿಟ್ಟ. ಕೂಡಿಟ್ಟ ದುಡ್ಡಿನಲ್ಲಿ ಹೋದರೆ ಅದು ನನ್ನ ಪ್ರವಾಸ. ಇನ್ನೊಬ್ಬ ತುಂಬಿಸಿದ ಕಾರ್ಡನ್ನು ಹೋಟೆಲಿನ ಯಂತ್ರದಲ್ಲಿ ಉಜ್ಜಿ ಹೋದರೆ — ಹೆಂಡತಿಗೆ ಹಿಮ ತೋರಿಸಿದವನು ಯಾರೆಂದು ಮಂದಿ ಹೇಳಿಯಾರು? ಹೀಗೆ ಯೋಚಿಸುತ್ತಿರುವಾಗಲೇ ಒಳಗಿನಿಂದ ಕಸ್ತೂರಿ ಕೇಳಿದಳು:

“ಪ್ರಭಾ ಏನ್ ಕೊಟ್ಟಾನ್ರಿ?”

ಆ ಪ್ರಶ್ನೆಯಲ್ಲಿ ಇದ್ದ ಹೆಮ್ಮೆಯನ್ನು ನಾನು ಸಹಿಸಲಿಲ್ಲ.

“ಖಾಲಿ ಲಕೋಟಿ ಕೊಟ್ಟಾನ.”

ಅವಳು ಒದ್ದೆ ಕೈಯಲ್ಲೇ ಹೊರಗೆ ಬಂದಳು. “ಹಂಗ್ಯಾಕ ಆಗತೈತ್ರಿ? ಛಲೋತ್ನ್ಯಾಗಿ ನೋಡ್ರಿ, ಒಳಗ ಅಂಟ್ಕೊಂಡಿರಬೇಕು.”

“ನೋಡೇನಿ. ಏನೂ ಇಲ್ಲ.”

ಕಾರ್ಡೂ ಚೀಟಿಯೂ ನನ್ನ ಅಂಗಿಯ ಜೇಬಿನಲ್ಲಿದ್ದವು. ಅವಳು ಲಕೋಟೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಒಳಗೆ ಬೆರಳು ಹಾಕಿ ತಡಕಿದಳು. “ಗಡಿಬಿಡ್ಯಾಗ ಇಡೂದ ಮರತಿರಬೇಕ್ರಿ. ನೀವು ಅವನ್ನ ಕೇಳಬ್ಯಾಡ್ರಿ ಮತ್ತ, ನಾಚಗೋತಾನ,” ಎಂದು ಒಳಗೆ ಹೋದಳು. ಮುಂಜಾನೆ ಹೇಳಿಬಿಡೋಣ ಎಂದುಕೊಂಡೆ. ನಿಜವಾಗಿ ಅಂದುಕೊಂಡೆನೋ, ಈಗ ಬರೆಯುವಾಗ ಸೇರಿಸುತ್ತಿದ್ದೇನೋ — ಖಚಿತವಿಲ್ಲ. ಮುಂಜಾನೆ ಆಯೇರಿಯ ಪುಸ್ತಕದಲ್ಲಿ ಪ್ರಭಾಕರನ ಹೆಸರಿನ ಎದುರು ಸೊನ್ನೆ ಬರೆದೆ, ದುಂಡಗೆ.

ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿದ. ರಿಸೀವರ್ ಎತ್ತಿದವನು ನಾನು.

“ಭಾವಾರ, ಲಕೋಟಿ ನೋಡಿದ್ರೇನ್ರಿ?”

“ನೋಡಿದೆ.”

“ಅಕ್ಕ ಏನಂದ್ಲರಿ?”

“ಏನೂ ಅನ್ನಲಿಲ್ಲ.”

“ಹೌದ್ರ್ಯಾ... ಇರ್ಲಿ ಬಿಡ್ರಿ,” ಎಂದು ಇಟ್ಟ. ಮತ್ತೆಂದೂ ಆ ವಿಷಯ ಎತ್ತಲಿಲ್ಲ.

ಮುಂದಿನ ವರ್ಷ ಅವನ ಮಗಳ ಮದುವೆ. ಕಸ್ತೂರಿ ಸೋದರತ್ತೆ; ಸೀರೆ, ಬೆಳ್ಳಿಯ ಪಾತ್ರೆ ಒಯ್ಯಬೇಕೆಂದಿದ್ದಳು. ನಾನು ಪುಸ್ತಕ ತೆರೆದು ಸೊನ್ನೆ ತೋರಿಸಿದೆ. “ಒಂದ ಖಣ ಸಾಕು,” ಎಂದೆ. ಅವಳು ಒಂದು ರವಿಕೆಯ ಖಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಮಂಟಪದ ಪಕ್ಕದಲ್ಲಿ ಪ್ರಭಾಕರನ ಹೆಂಡತಿ ಶೋಭಾ ಅದನ್ನು ಕೈಯಲ್ಲಿ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ಕೇಳಿದಳು:

“ಅಕ್ಕಾರ, ನಾವು ಅಷ್ಟ ಪ್ರೀತಿಲೆ ಕೊಟ್ಟದ್ದ ನಿಮ್ಮ ಮನಸಿಗೆ ಬರಲಿಲ್ಲೇನ್ರಿ? ಅದಕ್ಕ ಹಿಂಗ ಮಾಡಿದ್ರೇನು?”

ಕಸ್ತೂರಿ ಬಾಯಿ ತೆರೆದಳು. ಇನ್ನೊಂದು ವಾಕ್ಯ — ಒಂದೇ ವಾಕ್ಯ — ಅವಳು ಆಡಿದ್ದರೆ ಎಲ್ಲವೂ ಅಲ್ಲೇ ಬಯಲಾಗುತ್ತಿತ್ತು. ನಾನು ಅವಳ ಮೊಣಕೈ ಹಿಡಿದು, “ನಡಿ, ಇಲ್ಲಿ ಮಾತ ಬೆಳಸೂದ ಬ್ಯಾಡ,” ಎಂದು ಹೊರಗೆ ಕರೆತಂದೆ. ಊಟ ಮಾಡದೆ ಬಂದೆವು. ಸೋದರತ್ತೆ ಮದುವೆ ಮನೆಯಿಂದ ಹಸಿದು ಹೊರಟಳು. ಬಸ್ಸಿನಲ್ಲಿ ಅವಳು, “ಕೊಡೂದ ಕೊಡ್ಲಿಲ್ಲ, ಅಷ್ಟ ಕೊಟ್ಟೇವಿ ಅಂತ ಬಾಯಿ ಬ್ಯಾರೆ ಮಾಡ್ತಾಳಲ್ರಿ!” ಎಂದಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಆ ದಿನ ಕಾರ್ಡಿನ ಅವಧಿ ಮುಗಿಯಲು ಇನ್ನೂ ಮೂರು ತಿಂಗಳಿತ್ತು. ಮೊದಲನೆಯ ಸುಳ್ಳು ಸಿಟ್ಟಿನಲ್ಲಿ ಬಂದದ್ದೆಂದು ಯಾರಾದರೂ ಹೇಳಿಯಾರು. ಮೊಣಕೈ ಹಿಡಿದದ್ದು ಸಿಟ್ಟಿನಿಂದಲ್ಲ.

ಅವಧಿ ಮುಗಿಯುವ ದಿನ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಬ್ಯಾಂಕಿಗೆ ಹೋದೆ. ಕೌಂಟರಿನ ಹೆಣ್ಣುಮಗಳು ತಿರುಗಿಸಿ ನೋಡಿ, “ಅಜ್ಜಾರ, ಇದು ವಾಪಸ್ ಆಗಂಗಿಲ್ರಿ. ಇವತ್ತ ಸಂಜಿತನಕ ಏನರ ತಗೋರಿ, ಇಲ್ಲಾಂದ್ರ ಹೋತ ನೋಡ್ರಿ,” ಎಂದಳು. ನಾನು ಮನೆಗೆ ಬಂದು ಪಲ್ಯ ಹೆಚ್ಚುತ್ತಿದ್ದ ಕಸ್ತೂರಿಯ ಎದುರಿಗೆ ಕುಳಿತು ಚಹಾ ಕುಡಿದೆ. ಸಂಜೆಯಾಯಿತು.

ಆ ಬಳಿಕ ಹಟದಿಂದ ಉಳಿಸಿದೆ. ಪಿಂಚಣಿಯಲ್ಲಿ ದಿನಕ್ಕೆ ಐವತ್ತರಂತೆ. ಪಿಗ್ಮಿಯವನು, “ಸಾಹೇಬ್ರ, ಈ ಸಲ ಗುಡ್ಡಾ ಹತ್ತೇ ಬಿಡತೀರಿ,” ಎನ್ನುತ್ತಿದ್ದ. ಎರಡು ಸಾವಿರದ ಒಂಬತ್ತರ ಜನವರಿಯಲ್ಲಿ ಶಿಮ್ಲಾಕ್ಕೆ ಹೋದೆವು — ಪೂರ್ತಿ ನನ್ನ ದುಡ್ಡಿನಲ್ಲಿ. ಹಿಮ ಬಿದ್ದಿತ್ತು. ಕಸ್ತೂರಿ ಮುಷ್ಟಿಯಲ್ಲಿ ಹಿಡಿದು, ಕೆನ್ನೆಗೆ ಒತ್ತಿಕೊಂಡು, ಹುಡುಗಿಯಂತೆ ನಕ್ಕಳು. ನಾನು ಗೆದ್ದೆ ಎಂದುಕೊಂಡ ಗಳಿಗೆ ಅದು. ಆಗ ಅವಳು, “ಪ್ರಭಾ ಇದ್ದಿದ್ರ ಈಗ ಏನರ ಒಂದ ಚಾಷ್ಟಿ ಮಾಡತಿದ್ದ್ರಿ,” ಎಂದು ಅತ್ತುಬಿಟ್ಟಳು. ಅಲ್ಲಿ ಹೇಳಬಹುದಿತ್ತು. ನಮ್ಮನ್ನು ಬಲ್ಲ ಒಂದು ನರಪಿಳ್ಳೆಯೂ ಅಲ್ಲಿರಲಿಲ್ಲ. ನಾನು ಹೇಳಿದ್ದು: “ಥಂಡಿಗೆ ಕಣ್ಣಾಗ ನೀರ ಬರ್ತಾವ. ಒರಸ್ಕೋ.”

ಕಳೆದ ತಿಂಗಳು ಕೆಲಗೇರಿ ಕೆರೆಯ ದಂಡೆಯಲ್ಲಿ ಕಸ್ತೂರಿಯೊಡನೆ ಬೆಳಗಿನ ತಿರುಗಾಟಕ್ಕೆ ಹೋಗಿದ್ದಾಗ ಎದುರಿಗೆ ಪ್ರಭಾಕರ ಬಂದ. ಯಾರದೋ ಮನೆಗೆ ಬಂದಿದ್ದನಂತೆ. ತಲೆ ಬೆಳ್ಳಗಾಗಿತ್ತು. “ಆರಾಮ ಅದೀರಿ ಭಾವಾರ?” ಎಂದು ನನ್ನನ್ನು ಕೇಳಿ ಅಕ್ಕನ ಮುಖ ನೋಡಿದ. ಅವಳು ಸೆರಗು ಹೊದ್ದು ಬೆನ್ನು ತಿರುಗಿಸಿದಳು. ಅವನು ಸ್ವಲ್ಪ ನಿಂತು ಹೋದ. ಬಹಳ ದೂರ ನಡೆದ ಮೇಲೆ ಅವಳು ಕೇಳಿದಳು: “ಅವ್ವ ಹ್ವಾದಾಗ ಅವ ನಾಕ ವರ್ಷದಾಂವ. ನಾನ ಉಣಿಸಿ ಬೆಳಿಸಿದೆ. ನಾ ಕಲಿಸಿದ್ರಾಗ ಎಲ್ಲಿ ತಪ್ಪಾತರಿ?”

ನಮಗೆ ಮಕ್ಕಳಿಲ್ಲ. ಅವಳು ಬೆಳೆಸಿದ ಕೂಸು ಅವನೊಬ್ಬನೇ. ಇಷ್ಟು ದಿನ ಅವಳು ತಮ್ಮನ ಮೇಲೆ ಸಿಟ್ಟಾಗಿದ್ದಾಳೆಂದು ತಿಳಿದಿದ್ದೆ. ಅವಳು ತನ್ನ ತಾಯ್ತನದಲ್ಲೇ ತಪ್ಪು ಹುಡುಕುತ್ತಿದ್ದಳು. ಮನೆಗೆ ಬಂದವನೇ ಕಪಾಟು ತೆರೆದು ಕಾರ್ಡು, ಚೀಟಿಗಳನ್ನು ಅವಳ ಮುಂದಿಟ್ಟು ಎಲ್ಲವನ್ನೂ ಹೇಳಿದೆ.

ಚೀಟಿಯಲ್ಲಿ ಎರಡು ಸಾಲುಗಳಿದ್ದವು. ಮೇಲೆ ಒಂದನ್ನೇ ಬರೆದೆ — ಮುಚ್ಚಿಡುವ ಚಟ ಇನ್ನೂ ಬಿಟ್ಟಿಲ್ಲ. ಎರಡನೆಯದು: “ನನಗ ಉಣಿಸಿ ಆಕಿ ಹಸದ ಮಲಗಿದ್ದ ನೆನಪೈತ್ರಿ, ಅದರ ಮುಂದ ಇದೇನೂ ಅಲ್ಲ.” ಇದನ್ನು ನಾನು ಮೊದಲ ದಿನವೇ ಓದಿದ್ದೆ. ಓದಿಯೂ ‘ಖಾಲಿ’ ಎಂದೆ.

ಕಸ್ತೂರಿ ಚೀಟಿಯನ್ನು ಎರಡು ಸಲ ಓದಿದಳು. ಸೀರೆ ಬದಲಿಸಿ ಚಪ್ಪಲಿ ಮೆಟ್ಟಿದಳು. ನಾನೂ ಎದ್ದೆ. “ನೀವು ಮನ್ಯಾಗ ಇರ್ರಿ,” ಎಂದಳು. “ಇಷ್ಟ ದಿನಾ ನಮ್ಮಿಬ್ಬರ ನಡುವ ನಿಂತದ್ದ ಸಾಕು.”

ಕೇಶ್ವಾಪುರದಿಂದ ಹೊತ್ತು ಮುಳುಗುವಾಗ ತಿರುಗಿ ಬಂದಳು. ಏನಾಯಿತೆಂದು ಕೇಳುವ ಹಕ್ಕು ನನಗಿರಲಿಲ್ಲ. ಅವಳೇ ಕಟ್ಟೆಯ ಮೇಲೆ ಕುಳಿತು ಹೇಳಿದ ಮಾತನ್ನು ಇದ್ದಂತೆ ಇಲ್ಲಿ ಬರೆಯುತ್ತೇನೆ.

“ಅವ ಸಿಟ್ಟಿಗೇಳಲಿಲ್ರಿ. ಒಂದ ಮಾತ ಕೇಳಿದ: ‘ಭಾವಾರು ಸುಳ್ಳ ಹೇಳಿದ್ರು, ಇರ್ಲಿ. ನೀ ಹೆಂಗ ನಂಬಿದಿ ಅಕ್ಕಾ?’ ಅಂದ. ನಾ ಅವಗ ಏನ್ ಹೇಳ್ಲಿ? ನೀವ ಹೇಳ್ರಿ — ನಾ ಏನ್ ಹೇಳ್ಲಿ?”